ಸಾತು ಸಹಜ

ಮಾಸ್ತರರಿಗೆ ಮರೆವಿನ ರೋಗ ಇರಲಿಲ್ಲ. ಅವರು ಒಂದು ಅಂದರು, ನಾನು ಏಳು ಎಂದು ಕೇಳಿಸಿಕೊಂಡೆ. ನಡೆದದ್ದು ಇಷ್ಟೇ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗಿನಿಂದ ಮಲಯ ದೇಶದ ಈ ನಿಲಾಯ್ ಊರಿನ ನಮ್ಮ ಕನ್ನಡದ ಮಂದಿ ಒಬ್ಬರಿಗೊಬ್ಬರು ಫೋನು ಹಚ್ಚಿ, "ಪಾಪ, ಲೆಕ್ಕದ ಮಾಸ್ತರರಿಗೇ ಕಡೆಗೆ ಲೆಕ್ಕ ಮರೆತುಹೋಗಿತ್ತಂತೆ" ಎಂದು ಲೊಚಗುಟ್ಟುತ್ತಿದ್ದಾರೆ. ಮಾಸ್ತರರು ಎದೆನೋವಿನಿಂದ ಹೋದರು, ತಲೆ ಕೆಟ್ಟು ಹೋದದ್ದಲ್ಲ. ಗೊತ್ತಿರುವವಳು ನಾನು ಬಾಯಿ ಮುಚ್ಚಿಕೊಂಡು ಕೂತರೆ ಸುಳ್ಳೇ ನಿಜವಾಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಓದು ನಾಲ್ಕನೇ ಇಯತ್ತೆಗೆ ನಿಂತದ್ದು. ಸೊಟ್ಟ ಕಂಡದ್ದನ್ನು ಓದುವವರೇ ನೆಟ್ಟಗೆ ಮಾಡಿಕೊಳ್ಳಬೇಕು.

ನನ್ನದು ಬೆಳಗಾವಿ ಸೀಮೆ. ಅಳಿಯ ಇಲ್ಲಿಯ ತಮಿಳರ ಪೈಕಿ. ಡಾಕ್ಟರಿಕೆ ಓದಲು ಬೆಳಗಾವಿಗೆ ಬಂದವನು, ಡಿಗ್ರಿಯ ಜೊತೆಗೆ ನನ್ನ ಮಗಳನ್ನೂ ಕಟ್ಟಿಕೊಂಡು ವಾಪಸು ಹೋದ. ಮೊಮ್ಮಗಳ ಹೆಸರು ಮಲರ್. ನನ್ನ ಬಾಯಿಗೆ ಅದು ಅರ್ಧಕ್ಕೇ ನಿಂತ ಹೆಸರು. ನಾನು ಮಲ್ಲವ್ವ ಅನ್ನುತ್ತೇನೆ. ಈ ಮಾತು ನಡೆದಾಗ ಅವಳಿಗೆ ಹದಿಮೂರು. ಕನ್ನಡದಲ್ಲಿ ಬೈದರೆ ಅವಳಿಗೆ ತಿಳಿಯುತ್ತದೆ, ತಿರುಗಿ ಬೈಯುವುದು ಮಾತ್ರ ಇಂಗ್ಲಿಷಿನಲ್ಲಿ. ಸರ್ಕಾರಿ ಶಾಲೆ, ಅಲ್ಲಿ ಲೆಕ್ಕವೂ ಮಲಯ ಭಾಷೆಯಲ್ಲೇ. ಅದು ತಲೆಗೆ ಹತ್ತುತ್ತಿಲ್ಲವೆಂದು ಎದುರುಮನೆಯ ಮಾಸ್ತರರ ಹತ್ತಿರ ಟ್ಯೂಷನ್ನಿಗೆ ಹಾಕಿದ್ದರು.

ನಾನು ಬಂದ ಹೊಸತು. ಒಂದು ಸಂಜೆ ಬಟ್ಟೆ ಒಣಹಾಕುತ್ತಿದ್ದೆ. ಎದುರುಮನೆಯಿಂದ ಕೂಗು ಕೇಳಿತು: "ತಲ್ಯಾಗ ಸಗಣಿ ತುಂಬೇತೇನ ನಿಮಗ?"

ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು ಗೇಟಿಗೆ ಓಡಿದೆ. ಅವರ ಮನೆ ಮುಂದೆ, ಜನ ಕಾರು ನಿಲ್ಲಿಸುವ ಜಾಗದಲ್ಲಿ, ಒಂದು ಬಿಳಿ ಹಲಗೆ. ಮಾಸ್ತರರಿಗೆ ಕಾರಿರಲಿಲ್ಲ, ಆ ಜಾಗವೇ ಶಾಲೆ. ನಾಲ್ಕು ಹುಡುಗಿಯರು ನೆಲದ ಮೇಲೆ ಕೂತಿದ್ದರು. ಮಲ್ಲವ್ವನನ್ನು ಬಿಟ್ಟರೆ ಉಳಿದ ಮೂವರಿಗೆ ಆ ಬೈಗುಳದ ಒಂದಕ್ಷರವೂ ತಿಳಿದಿರಲಿಕ್ಕಿಲ್ಲ. ಎಲ್ಲರೂ ಹಲ್ಲು ಬಿಡುತ್ತಿದ್ದರು.

"ಯಾವೂರ್ರೀ ನಿಮ್ಮದು?" ಎಂದು ರಸ್ತೆಯ ಈ ಕಡೆಯಿಂದಲೇ ಕೂಗಿದೆ.

"ವಿಜಾಪುರ ಕಡೆ. ಬೈಗಳ ಕೇಳಿ ಊರು ಹಿಡದ್ರೇನ್ರಿ ಅಕ್ಕಾರ?"

"ಮಂದಿ ಹೆಸರು ಮರೀಬಹುದು. ನಮ್ಮ ಕಡೆ ಬೈಗಳ ಮರ್ಯಾಕ ಆಗಂಗಿಲ್ಲ."

ಅವತ್ತಿನಿಂದ ಅವರು ನನಗೆ ಮಾಸ್ತರ, ನಾನು ಅವರಿಗೆ ಅಕ್ಕಾರ. ವಯಸ್ಸಿನಲ್ಲಿ ಅವರೇ ದೊಡ್ಡವರು. ಅದನ್ನು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಚಿಕ್ಕ ವಯಸ್ಸಿನಲ್ಲಿ ಈ ದೇಶಕ್ಕೆ ಬಂದು, ಇಲ್ಲಿಯ ಮಲಯ ಹೆಂಗಸನ್ನು ಮದುವೆಯಾಗಿ, ಒಂದು ಖಾಸಗಿ ಶಾಲೆಯಲ್ಲಿ ಮೂವತ್ತು ವರ್ಷದ ಮೇಲೆ ಲೆಕ್ಕ ಕಲಿಸಿದವರು. ಹೆಂಡತಿ ತೀರಿಹೋಗಿದ್ದರು. ಒಬ್ಬನೇ ಮಗ, ಕೌಲಾಲಂಪುರದ ಮಾಂಟ್ ಕಿಯಾರಾದಲ್ಲಿ ಕಂಪ್ಯೂಟರ್ ಕೆಲಸ. ಒಬ್ಬರೇ ಇರುತ್ತಿದ್ದರು. ಅನ್ನ ಮಾತ್ರ ಮನೆಯಲ್ಲಿ, ಸಾರು ಮೂಲೆಯ ಮಾಮಾಕ್, ಅಂದರೆ ತಮಿಳು ಮುಸಲ್ಮಾನರ ಊಟದ ಅಂಗಡಿಯಿಂದ. ಚಹಾವನ್ನೂ ಅಲ್ಲಿಂದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ ತಂದು ಗೇಟಿನ ಸರಳಿಗೆ ನೇತುಹಾಕುತ್ತಿದ್ದರು. ಪಾಠದ ನಡುವೆ ಹೋಗಿ ಒಂದು ಗುಟುಕು, ಬಂದು ಒಂದು ಲೆಕ್ಕ, ಮತ್ತೆ ಹೋಗಿ ಒಂದು ಗುಟುಕು. ಕೂತದ್ದನ್ನು ನಾನು ನೋಡಿಲ್ಲ. "ಕುಂತು ಹೇಳಿದ ಲೆಕ್ಕ ಕುಂತ ಇರತೈತಿ" ಅನ್ನುತ್ತಿದ್ದರು. ಬರೆಯುವ ಪೆನ್ನನ್ನು ಮುಚ್ಚಳ ಹಾಕದೆ ಕಿವಿಗೆ ಸಿಕ್ಕಿಸಿ ಸಿಕ್ಕಿಸಿ ಬಲಗಿವಿ ಯಾವಾಗಲೂ ನೀಲಿ.

ಅವರ ನಾಲಿಗೆಯಲ್ಲಿ ಮೂರು ಮನೆಗಳಿದ್ದವು. ಸಿಟ್ಟಿಗೆ ಕನ್ನಡ. ಮನೆಮಾತು ನಮ್ಮ ಕಡೆಯ ಉರ್ದು, ಅದನ್ನು ಆಡಲು ಯಾರೂ ಉಳಿದಿರಲಿಲ್ಲ. ಲೆಕ್ಕ ಮಾತ್ರ ಮಲಯದಲ್ಲಿ. ನನ್ನ ಜೊತೆ ಕನ್ನಡದಲ್ಲಿ ಹರಟುತ್ತಿರುವಾಗಲೂ ಬೆರಳು ಮಡಿಚಿ ಎಣಿಸಬೇಕಾದರೆ ಎಣಿಕೆ ಮಲಯಕ್ಕೆ ಜಾರುತ್ತಿತ್ತು. ಅದು ಅವರಿಗೇ ಗೊತ್ತಾಗುತ್ತಿರಲಿಲ್ಲ. ಎಲ್ಲ ಕೆಟ್ಟದ್ದು ಇಲ್ಲಿ.

ಅವರು ಹೆಚ್ಚು ಕಲಿಸುತ್ತಿದ್ದದ್ದು ಒಂದೇ ಲೆಕ್ಕ. ಎರಡು ಅಂಕಿ ಕೊಡುವುದು. ಒಂದೊಂದನ್ನೂ ಶೇಷ ಉಳಿಯದಂತೆ ಭಾಗಿಸುವ ಅಂಕಿಗಳನ್ನೆಲ್ಲ ಬರೆಯುವುದು. ಆಮೇಲೆ ಎರಡೂ ಪಟ್ಟಿಯಲ್ಲಿ ಇರುವುದು ಯಾವುದು ಎಂದು ನೋಡಿ ಸುತ್ತು ಹಾಕುವುದು. ನಮ್ಮ ಕಡೆ ಇದಕ್ಕೆ ಸಾಮಾನ್ಯ ಅಪವರ್ತನ ಅನ್ನುತ್ತಾರೆಂದು ಅವರೇ ಹೇಳಿದರು, "ಮ.ಸಾ.ಅ. ಅಂತ ಬಾಯಿಪಾಠ ಮಾಡಿ ಬಡಿಸಿಕೊಂಡೇನ್ರಿ ಅಕ್ಕಾರ." ಪಟ್ಟಿ ಬರೆಯಲು ಅವರದೊಂದು ಕೈಸನ್ನೆ. ಎರಡೂ ಅಂಗೈಗಳನ್ನು ಅಗಲಿಸಿ, ಗೇಟಿನ ಎರಡು ಕದಗಳ ಹಾಗೆ ಮೆಲ್ಲಗೆ ಹತ್ತಿರ ತರುವುದು. ಹದಿನೆಂಟಕ್ಕೆ ಒಂದು ಕಡೆ ಒಂದು, ಇನ್ನೊಂದು ಕಡೆ ಹದಿನೆಂಟು. ಆಮೇಲೆ ಎರಡು, ಒಂಬತ್ತು. ಮೂರು, ಆರು. ಕದ ಮುಚ್ಚಿತು, ಯಾರೂ ತಪ್ಪಿಸಿಕೊಳ್ಳಲಿಲ್ಲ.

ಆದರೆ ಹುಡುಗಿಯರು ಯಾವಾಗಲೂ ಮೊದಲನೆಯದನ್ನೇ ಬಿಡುತ್ತಿದ್ದರು. ಆಗ ಮಾಸ್ತರರು ಹಲಗೆ ಬಡಿದು ಕೂಗುತ್ತಿದ್ದರು: "ಸಾತು ಎಲ್ಲಿ? ಸಾತು ಯಾಕ ಬಿಟ್ಟಿ?"

ನಾನು ಗೇಟಿನಲ್ಲಿ ನಿಂತು ಕೇಳುತ್ತಿದ್ದೆ. ಸಾತು ಅಂದರೆ ಏನು? ನನ್ನ ಕಿವಿಗೆ ಏಳು. ನಮ್ಮ ಬಟ್ಟೆಪೇಟೆಯ ಎಣಿಕೆ ಮರಾಠಿ, ಪಾಚ, ಸಹಾ, ಸಾತ. ಮಾಸ್ತರರ ಮನೆಮಾತಿನಲ್ಲೂ ಏಳಕ್ಕೆ ಸಾತೇ. ಎಂಟಕ್ಕೆ, ಹತ್ತಕ್ಕೆ ಏಳು ಎಲ್ಲಿಂದ ಭಾಗ ಹೋಗುತ್ತದೆ ಎಂದು ಒಂದೆರಡು ಸಲ ಮನಸ್ಸಿಗೆ ಬಂದಿತ್ತು. ಕೇಳಲಿಲ್ಲ. ನಾಲ್ಕನೇ ಇಯತ್ತೆಯವಳು ಮಾಸ್ತರರ ಲೆಕ್ಕ ತಪ್ಪು ಅಂದರೆ ಹುಡುಗಿಯರು ನಕ್ಕಾರೆಂಬ ಬಿಂಕ.

ಕೇಳಿದ್ದು ಇನ್ನೊಂದು ಮಾತನ್ನು. ಎರಡೂ ಪಟ್ಟಿಯಲ್ಲಿ ಇರುವ ಅಂಕಿಗೆ ಅವರು "ಸಪುನ್ಯಾ" ಅನ್ನುತ್ತಿದ್ದರು.

"ಲೆಕ್ಕದಾಗ ಪುಣ್ಯ ಎಲ್ಲಿಂದ ಬಂತ್ರಿ ಮಾಸ್ತರ?"

ಅವರು ಚಹಾದ ಚೀಲ ಹಿಡಿದುಕೊಂಡೇ ನಕ್ಕರು. "ಪುಣ್ಯ ಅಲ್ರಿ. ಈ ಮಂದೀಗಿ 'ಪುನ್ಯಾ' ಅಂದ್ರ 'ನಂದು' ಅಂದಂಗ. ಇಬ್ಬರದೂ ಕೂಡಿದ್ದು ಸಪುನ್ಯಾ. ನಿಮ್ಮ ಮನ್ಯಾಗೂ ಐತಿ, ನಮ್ಮ ಮನ್ಯಾಗೂ ಐತಿ, ಅಂಥಾದ್ದು."

"ನಮ್ಮ ಮನ್ಯಾಗ ಇರೂದು ನಿಮ್ಮ ಮನ್ಯಾಗ ಏನೈತ್ರಿ? ಒಂದು ಬೆಕ್ಕು. ಅದೂ ಹಾಲು ಕುಡ್ಯಾಕ ಇಲ್ಲಿ, ಹೇಲಾಕ ಅಲ್ಲಿ."

"ಹಾಂ! ಅದs ಸಪುನ್ಯಾ ಲಾ!" ಎಂದು ಇಲ್ಲಿಯವರ ಹಾಗೆ ಮಾತಿಗೊಂದು "ಲಾ" ಬಾಲ ಹಚ್ಚಿ, ಹಲಗೆಯ ಮೇಲೆ ಬೆಕ್ಕು ಬರೆದು ಸುತ್ತು ಹಾಕಿದರು. ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಗೊತ್ತಿಲ್ಲದ ಮಾತನ್ನು ಕೇಳಿ ತಿಳಿದುಕೊಂಡೆ. ಗೊತ್ತಿದೆ ಅಂದುಕೊಂಡ ಮಾತು ನನ್ನನ್ನು ಹಾಳು ಮಾಡಿತು.

ನಾನು ಕೌದಿ ಹೊಲಿಯುತ್ತೇನೆ. ಹಳೆ ಸೀರೆ, ಹಳೆ ಅಂಗಿ ಕತ್ತರಿಸಿ ಚೌಕ ಮಾಡಿ ಜೋಡಿಸುವುದು. ಅಳತೆ ಗೇಣಿನದು, ತುಂಡು ಉಳಿದರೆ ಒಳಗೆ ತುಂಬುವುದು. ಮಾಸ್ತರರ ಸೊಸೆ ಬಸುರಿ ಎಂದು ಗೊತ್ತಾದ ವಾರ ಅವರು ಎರಡು ಬಟ್ಟೆ ಹಿಡಿದುಕೊಂಡು ಬಂದರು. ಒಂದು ಅವರ ತಾಯಿಯ ಇಳಕಲ್ ಸೀರೆ, ಹರಿದ ಸೆರಗು ತೆಗೆದದ್ದು. ಇನ್ನೊಂದು ಹೆಂಡತಿ ಉಡುತ್ತಿದ್ದ ಬಾತಿಕ್ ಬಟ್ಟೆ.

"ಕೂಸಿಗೆ ಕೌದಿ ಆಗಬೇಕ್ರಿ ಅಕ್ಕಾರ. ಎರಡೂ ಬಟ್ಟಿ ಒಂದs ಅಳತಿ ತುಂಡು. ಆದ್ರ ಒಂದು ಚೂರೂ ಉಳೀಬಾರದು. ತಾಯಿದು, ಹೆಂಡತಿದು. ಕಸಕ್ಕ ಹಾಕಾಕ ನನ್ನ ಕೈಲೆ ಆಗಂಗಿಲ್ಲ."

"ಚೂರು ಉಳಿದ್ರ ಒಳಗ ತುಂಬತೀನಿ, ಬಿಡ್ರಿ."

"ಬ್ಯಾಡ. ಲೆಕ್ಕ ಮಾಡಿ ಹೇಳತೀನಿ. ಸಮ ಬಂದ್ರ ಕತ್ತರಸ್ರಿ, ಬರಲಿಲ್ಲಂದ್ರ ಇಡೀ ಬಟ್ಟಿ ಇರಲಿ."

ನಮ್ಮ ಹಾಲಿನಲ್ಲಿ ಬಟ್ಟೆ ಹಾಸಿ, ಟೇಪು ಹಿಡಿದು ಅಳೆದರು. ಬಾತಿಕ್ ಎಪ್ಪತ್ತೇಳು ಇಂಚು, ಸೀರೆ ನೂರ ಅರವತ್ತು. ಅಗಲದ ಚಿಂತೆ ಬೇಡ, ಅಂಚು ಮಡಿಚಿ ಹೊಲಿದರಾಯಿತು ಎಂದೆ. ಅಂಕಿ ಎರಡನ್ನೂ ಚೀಟಿಯಲ್ಲಿ ಬರೆದುಕೊಂಡು, ಬಟ್ಟೆ ನನ್ನ ಹತ್ತಿರವೇ ಬಿಟ್ಟು ಹೋದರು.

ಮರುದಿನ ಬೆಳಿಗ್ಗೆ ಗೇಟಿನಿಂದ ಕೂಗಿದರು. "ಅಕ್ಕಾರ, ಲೆಕ್ಕ ಆತು. ಸಾತು ಸಹಜಾ."

ಸಾತು ಸಹಜ. ಏಳು, ಅದು ಸಹಜವೇ. ಹಾಗೆಂದು ನಾನು ತಿಳಿದೆ. "ಆತ್ರಿ" ಎಂದು ಒಳಗೆ ಬಂದು ಕತ್ತರಿ ತೆಗೆದುಕೊಂಡೆ.

ಬಾತಿಕ್ ಮೊದಲು ಕತ್ತರಿಸಿದೆ. ಏಳೇಳು ಇಂಚಿಗೆ ಹನ್ನೊಂದು ಸಾಲು, ಒಂದೆಳೆ ಉಳಿಯಲಿಲ್ಲ. ಮಾಸ್ತರರು ಮಾಸ್ತರರೇ ಎಂದುಕೊಂಡೆ. ಆಮೇಲೆ ಸೀರೆ. ಇಪ್ಪತ್ತೆರಡು ಸಾಲು ಆಗಿ ಕೊನೆಗೆ ಆರು ಇಂಚು ಉಳಿಯಿತು. ಆರು ಇಂಚು ಉಳಿಯಿತಲ್ಲ, ನಾನೇ ಎಲ್ಲೋ ಎಳೆದು ಅಳೆದೆನೇನೋ ಎಂದು ಮತ್ತೆ ಮತ್ತೆ ಹಾಸಿ ನೋಡಿದೆ. ಆರು ಇಂಚು ಆರು ಇಂಚೇ.

ಅವತ್ತು ಭಾನುವಾರ. ಮಧ್ಯಾಹ್ನ ಅವರ ಮಗ ಬಂದಿದ್ದ. ಚೌಕಗಳನ್ನೂ ಉಳಿದ ಆರು ಇಂಚಿನ ಬಟ್ಟೆಯನ್ನೂ ತಟ್ಟೆಯಲ್ಲಿ ಇಟ್ಟುಕೊಂಡು ಹೋದೆ, ಮಗಳು ಜೊತೆಗೆ ಬಂದಳು. ಮಾಸ್ತರರು ತಟ್ಟೆ ನೋಡಿದರು. ಬಾತಿಕ್‌ನ ಒಂದು ತುಂಡು ಎತ್ತಿಕೊಂಡರು, ಇಟ್ಟರು.

"ಯಾಕ ಕತ್ತರಿಸಿದ್ರಿ ಅಕ್ಕಾರ?"

"ನೀವs ಹೇಳಿದ್ರಿ. ಏಳು ಅಂದ್ರಿ."

"ಏಳ? ನಾನಾ?"

ಹಲಗೆಯ ಮೇಲೆ ಬೆಳಗಿನ ಲೆಕ್ಕ ಹಾಗೇ ಇತ್ತು. ಎಪ್ಪತ್ತೇಳರ ಪಟ್ಟಿ: ಒಂದು, ಏಳು, ಹನ್ನೊಂದು, ಎಪ್ಪತ್ತೇಳು. ಪಕ್ಕದಲ್ಲಿ ನೂರ ಅರವತ್ತರ ಉದ್ದ ಪಟ್ಟಿ, ಅದರಲ್ಲಿ ಏಳು ಇರಲಿಲ್ಲ. ಎರಡರಲ್ಲೂ ಒಂದಕ್ಕೆ ಮಾತ್ರ ಸುತ್ತು. ಒಂದು ಬಿಟ್ಟರೆ ಅವಕ್ಕೆ ಕೂಡುವುದು ಏನೂ ಇಲ್ಲ, ಕತ್ತರಿಸಬೇಡಿ, ಅಂತ ಅದರ ಅರ್ಥ.

ಮಗನಿಗೆ ಕನ್ನಡ ಬಾರದು. ನನ್ನ ಮಗಳು ಇಂಗ್ಲಿಷಿನಲ್ಲಿ ತಿಳಿಸಿದಳು. ಅವನು ಹಲಗೆ ನೋಡಿದ, ತಾನು ಅಬ್ಬಾ ಎಂದು ಕರೆಯುವ ಅಪ್ಪನ ಮುಖ ನೋಡಿದ. "ಅಬ್ಬಾ, ಯು ರೋಟ್ ಒನ್, ಬಟ್ ಯು ಟೋಲ್ಡ್ ಹರ್ ಸೆವೆನ್?" ಕೂಗಾಡಲಿಲ್ಲ. ಕೂಗಾಡಿದ್ದರೆ ಚಲೋ ಇತ್ತು. ಮೆಲ್ಲಗೆ ಕೇಳಿದ, ಚಿಕ್ಕ ಮಕ್ಕಳನ್ನು ಕೇಳುವ ಹಾಗೆ.

ಮಾಸ್ತರರು ನನ್ನ ಕಡೆ ತಿರುಗಿದರು. "ಅಕ್ಕಾರ, ಖರೇನs ಏಳು ಅಂದ್ನೇನ್ರಿ?"

"ನನ್ನ ಕಿವಿ ಇನ್ನೂ ಚಲೋ ಅದಾವ" ಎಂದೆ. ನಾನು ಅಂದದ್ದು ಅದೇ.

ಆ ಹುಡುಗ ಕೆಟ್ಟವನಲ್ಲ. ಒಂಟಿ ಅಪ್ಪನ ಬಗ್ಗೆ ಮೊದಲೇ ಭಯವಿತ್ತು. ಒಮ್ಮೆ ನೀರು ಕಾಯಿಸಲಿಟ್ಟು ಮರೆತು ಪಾತ್ರೆ ಸುಟ್ಟಿದ್ದರು. ಪಾತ್ರೆ ನಾನೂ ಸುಟ್ಟಿದ್ದೇನೆ, ಯಾರೂ ನನಗೆ ಮರೆವಿನ ರೋಗ ಅನ್ನಲಿಲ್ಲ. ಅವನು ಹೇಗೂ ಇವತ್ತಲ್ಲ ನಾಳೆ ಅಪ್ಪನನ್ನು ತನ್ನ ಮನೆಗೆ ಕರೆದೊಯ್ಯುತ್ತಿದ್ದ. ಆದರೆ ನೆಪ ಕೊಟ್ಟದ್ದು ನನ್ನ ಕಿವಿ.

ಬಟ್ಟೆಯ ದುಃಖ ನನಗಿಲ್ಲ. ಆ ಚೌಕಗಳನ್ನು ಆಮೇಲೆ ಹೊಲಿದೆ, ಉಳಿದ ಆರು ಇಂಚನ್ನು ಅಂಚಿಗೆ ಹಾಕಿದೆ, ಕೂಸು ಅದರ ಮೇಲೆ ಉಚ್ಚೆ ಹೊಯ್ಯಿತು. ಬಟ್ಟೆ ಇರುವುದೇ ಅದಕ್ಕೆ. ನೋಡಲಾಗದ್ದು ಮಾಸ್ತರರನ್ನು. ಮರುದಿನವೇ ನಾಲ್ಕೂ ಹುಡುಗಿಯರನ್ನು ವಾಪಸು ಕಳಿಸಿದರು. "ತಪ್ಪು ಕಲಸೂದಕ್ಕಿಂತ ಕಲಸದs ಇರೂದು ಚಲೋ" ಎಂದು ಹಲಗೆ ಒರೆಸಿದರು. ಗೇಟಿಗೆ ಬೀಗ ಹಾಕುವುದು, ನಾಲ್ಕು ಹೆಜ್ಜೆ ಹೋಗುವುದು, ಬಂದು ಬೀಗ ಎಳೆದು ನೋಡುವುದು, ನೋಡಿದ್ದು ಮರೆಯದಂತೆ ಅಂಗೈಯಲ್ಲಿ ಪೆನ್ನಿನ ಗೀಟು ಹಾಕಿಕೊಳ್ಳುವುದು. ಮೊದಲೂ ಅವರಿಗೆ ನಿಂತಲ್ಲಿ ನಿಲ್ಲುವುದು ಗೊತ್ತಿರಲಿಲ್ಲ. ಆದರೆ ಆಗಿನ ಓಡಾಟ ಮಕ್ಕಳ ಹಿಂದೆ, ಈಗಿನದು ತಮ್ಮದೇ ತಲೆಯ ಹಿಂದೆ. ಮೂರು ಸಲ ರಸ್ತೆ ದಾಟಿ ಬಂದು ಅದೇ ಮಾತು ಕೇಳಿದರು, "ನಾ ಏಳು ಅಂದದ್ದು ಹೌದಲ್ರಿ?" ಮೂರು ಸಲವೂ ಹೌದೆಂದೆ. ಮೂರನೆಯ ಸಲ ಸಿಟ್ಟಿನಿಂದಲೇ ಅಂದೆ.

ಹದಿನೈದು ದಿನದಲ್ಲಿ ಮಗ ಕಾರು ತಂದ. ಕಾರಿನಲ್ಲಿ ಕೂತ ಮಾಸ್ತರರು ಗಾಜು ಇಳಿಸಿ, "ಅಕ್ಕಾರ, ನಮ್ಮ ಗೇಟಿಗೆ ಹದಿನೆಂಟು ಸರಳು. ಹೌದಲ್ಲ? ಎಣಿಸಿ ಹೇಳ್ರಿ" ಎಂದರು.

"ನಿಮ್ಮ ಗೇಟು, ನೀವs ಎಣಿಸ್ರಿ."

ಅವರು ಎಣಿಸಲಿಲ್ಲ. ಕಾರು ತಿರುವು ದಾಟಿದ ಮೇಲೆ ನಾನು ಹೋಗಿ ಎಣಿಸಿದೆ. ಹದಿನೆಂಟು ಇದ್ದವು. ಸರಳು ಸರಿಯಾಗಿ ಎಣಿಸುವ ಮನುಷ್ಯ ಒಂದಕ್ಕೆ ಏಳು ಅನ್ನುತ್ತಾನೆಯೇ?

ಎರಡು ತಿಂಗಳು ಹೋಯಿತು. ಒಂದು ಶುಕ್ರವಾರ ಮಧ್ಯಾಹ್ನ ನಾನು ದಪ್ಪದೊಂದು ಕೌದಿ ಒಗೆದಿದ್ದೆ. ಒಬ್ಬಳ ಕೈಗೆ ಹಿಂಡಲು ಬಗ್ಗದು. ಶಾಲೆಯಿಂದ ಬಂದ ಮಲ್ಲವ್ವನನ್ನು ಕರೆದೆ. ಅವಳು ಒಂದು ತುದಿ, ನಾನು ಒಂದು ತುದಿ.

"ರೆಡಿ ಅಜ್ಜಿ? ಸಾತು, ದುವಾ, ತೀಗಾ!" ಎಂದು ತಿರುಚಿದಳು.

"ಏಳರಿಂದ ಯಾಕ ಶುರು ಮಾಡತಿ?"

"ವಾಟ್ ಸೆವೆನ್? ಸಾತು ಈಸ್ ಒನ್ ಲಾ, ಅಜ್ಜಿ. ಒನ್, ಟೂ, ತ್ರೀ."

ಕೈಯಿಂದ ಕೌದಿ ಬಿದ್ದು ನೀರು ಇಬ್ಬರ ಮೇಲೂ ಸಿಡಿಯಿತು. "ಸಹಜಾ ಅಂದ್ರೇನ?" ಎಂದೆ.

"ಸಹಜಾ? ಓನ್ಲಿ. ಜಸ್ಟ್. ವೈ?"

ಒಂದು ಮಾತ್ರ. ಮಾಸ್ತರರು ಗೇಟಿನಲ್ಲಿ ನಿಂತು ಕೂಗಿದ್ದು ಅದು. ಹಲಗೆಯ ಮೇಲೆ ಬರೆದದ್ದೂ ಅದೇ.

ಆಮೇಲೆ ನನಗೆ ಕೂಡಲಾಗಲಿಲ್ಲ, ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಹಾಲು ಉಕ್ಕಿಸಿದೆ. ಎದುರುಮನೆಯ ಬೀಗದ ತನಕ ಹೋಗಿ ಹೋಗಿ ಬಂದೆ. ಮಗಳು ಕೆಲಸದಿಂದ ಬರುತ್ತಿದ್ದಂತೆ, ಬ್ಯಾಗು ಇಳಿಸುವ ಮೊದಲೇ ಹೇಳಿದೆ, "ನಾಳೆ ನನ್ನನ್ನ ಮಾಸ್ತರ ಮಗನ ಮನೀಗಿ ಒಯ್ಯಿ."

ಎಲ್ಲ ಕೇಳಿ ಅವಳು, "ಯವ್ವಾ, ಅಷ್ಟು ದೂರ ಯಾಕ? ಫೋನ್ ಮಾಡಿ ಹೇಳಿದ್ರ ಆತಲ್ಲ" ಎಂದಳು.

"ಫೋನಿನ್ಯಾಗ ಬ್ಯಾಡ. ಬರೇ ಕಿವಿ ನಂಬಿ ಕೆಟ್ಟದ್ದಿದು."

ಮರುದಿನ ಬೆಳಿಗ್ಗೆ ಅವಳು ಕಾರು ನಡೆಸಿದಳು, ಗಂಟೆಯ ಮೇಲೆ ಹಿಡಿಯಿತು. ಮಲ್ಲವ್ವ ಹಿಂದೆ ಕೂತಿದ್ದಳು. ಆಕಾಶಕ್ಕೆ ಏಣಿ ಹಾಕಿದಂಥ ಕಟ್ಟಡ. ಕಾವಲುಗಾರ ಹೆಸರು ಬರೆದುಕೊಂಡ, ಲಿಫ್ಟಿನಲ್ಲಿ ಕಿವಿ ಮುಚ್ಚಿತು. ಬಾಗಿಲು ತೆಗೆದ ಮಗ ಗಾಬರಿಯಾದ: "ಆಂಟಿ? ಎವ್ರಿಥಿಂಗ್ ಓಕೆ?"

ಮಾಸ್ತರರು ಸೋಫಾದ ಮೇಲೆ ಕೂತಿದ್ದರು. ಕೂತಿದ್ದರು. ಅಂಗೈ ತುಂಬ ಗೀಟು, ಕಿವಿ ಸ್ವಚ್ಛ. ಕೂಡಿರೆಂದು ಸೊಸೆ ಕುರ್ಚಿ ಎಳೆದಳು. ನಾನು ಕೂಡಲಿಲ್ಲ.

"ಮಾಸ್ತರ, ಅವತ್ತು ನೀವು ಸಾತು ಅಂದ್ರಿ. ಸಾತು ಅಂದ್ರ ನಿಮಗ ಒಂದು. ನಮ್ಮ ಬಟ್ಟಿ ಪ್ಯಾಟ್ಯಾಗ ಅದು ಏಳು. ನಿಮ್ಮ ಬಾಯಿ ತಪ್ಪಿಲ್ಲ, ತಲಿ ತಪ್ಪಿಲ್ಲ. ತಪ್ಪಿದ್ದು ನನ್ನ ಕಿವಿ. ಮೂರು ಸಲ ಬಂದು ಕೇಳಿದ್ರಿ, ಮೂರು ಸಲಾನೂ ನಾ ತಪ್ಪು ಹೇಳಿದೆ."

ಮಲ್ಲವ್ವ ಮಾಸ್ತರರ ಮಗನಿಗೆ ತಿಳಿಸಿದಳು. "ಅಂಕಲ್, ಹಿ ಸೆಡ್ ಒನ್. ಶಿ ಹರ್ಡ್ ಸೆವೆನ್. ಹಿ ವಾಸ್ ರೈಟ್ ಆಲ್ ಅಲಾಂಗ್ ಲಾ."

ಮಗ ಬಾಗಿಲಿನ ಹಿಡಿಕೆ ಬಿಡದೆ ನಿಂತಿದ್ದ. ಮಾಸ್ತರರು ಸೋಫಾದ ಅಂಚಿಗೆ ಸರಿದು, ಎರಡೂ ಕೈ ಊರಿ ಎದ್ದು ನಿಂತರು.

"ಇನ್ನೊಮ್ಮೆ ಹೇಳ್ರಿ ಅಕ್ಕಾರ" ಎಂದರು.

ಇನ್ನೊಮ್ಮೆ ಹೇಳಿದೆ, ಮೊದಲಿನಿಂದ.